ಉಗುರಿನ ಸದ್ದು

2023ರ ಜುಲೈ 13, ಗುರುವಾರ, ಬೆಳಿಗ್ಗೆ 11.20. ತಲಶ್ಶೇರಿಯ ಅಂಧ ಮಕ್ಕಳ ಶಾಲೆಯೊಂದರ ಕಂಪ್ಯೂಟರ್ ತರಗತಿಯಲ್ಲಿ, ರಿನ್ಷಳ ಎದುರಿಗಿದ್ದ ನೀಲಿ ಬಿಲ್ಲೆಗಳೂ ಹಸಿರು ಬಿಲ್ಲೆಗಳೂ ಒಂದೇ ಬೂದುಬಣ್ಣವಾಗಿ ಕಂಡವು.

ಇಲ್ಲಿ ಪ್ರೋಗ್ರಾಮ್ ಬರೆಯುವುದೆಂದರೆ ಮರದ ಬಿಲ್ಲೆಗಳನ್ನು ಸಾಲಾಗಿ ಜೋಡಿಸುವುದು. ನೆಟ್ಟನೆಯ ಗೀರಿದ್ದರೆ ‘ಒಂದು ಗೇಣು ಮುಂದೆ ಹೋಗು’, ಬಾಗಿದ ಗೀರಿದ್ದರೆ ‘ತಿರುಗು’. ಗುಂಡಿ ಒತ್ತಿದರೆ ಪುಟ್ಟ ಗಾಡಿಯೊಂದು ಮೇಜಿನ ಮೇಲೆ ಅದರಂತೆಯೇ ಓಡುತ್ತದೆ. ಒತ್ತುವ ಮುನ್ನ ಇಡೀ ಸಾಲನ್ನು ಬೆರಳಿನಿಂದ ಒಮ್ಮೆ ಓದಬೇಕೆಂಬುದು ಹುಟ್ಟಿನಿಂದಲೇ ಕಣ್ಣಿಲ್ಲದ ಸತ್ಯಭಾಮ ಟೀಚರ್ ಮಾಡಿದ ನಿಯಮ. ರಿನ್ಷ ಒಮ್ಮೆಯೂ ಓದಿದವಳಲ್ಲ. ಅವಳಿಗೆ ಅಷ್ಟಿಷ್ಟು ಕಾಣುತ್ತಿತ್ತು. ನೆಟ್ಟನೆಯ ಗೀರಿನದು ನೀಲಿ, ಬಾಗಿದ್ದು ಹಸಿರು; ಬಣ್ಣ ನೋಡಿ ಜೋಡಿಸುತ್ತಿದ್ದಳು.

“ಮಹಾರಾಣಿ ಒತ್ತೋದು ಯಾವಾಗ?” ಪಕ್ಕದ ಅನಘ ಮೊಣಕೈಯಿಂದ ತಿವಿದಳು. “ಕಣ್ಣಿದ್ದೋರಿಗೂ ಇಷ್ಟು ಹೊತ್ತು ಬೇಕಾ?”

“ಇರು ಕಣೇ.”

ಬೆರಳಾಡಿಸಿದರೆ, ಇದ್ದಷ್ಟು ನೋಟವೂ ಹೋಗುತ್ತಿದೆಯೆಂದು ಎಲ್ಲರಿಗೂ ತಿಳಿದುಹೋಗುತ್ತದೆ. ಟೀಚರಿಗೆ ತಿಳಿದರೆ ಊರಲ್ಲಿರುವ ತಾಯಿಗೆ, ಉಮ್ಮನಿಗೆ, ಫೋನ್ ಹೋಗುತ್ತದೆ. ಸಂಜೆ ಉಮ್ಮ ಹಾಸ್ಟೆಲಿಗೆ ಫೋನ್ ಮಾಡಿದಾಗ ಮೊದಲು ಕೇಳುವುದೇ ಅದು: “ಕಾಣ್ತಿದೆ ತಾನೇ ಮೋಳೇ, ನನ್ನ ಮಗಳೇ?” ನಿನ್ನೆಯೂ ಮೊನ್ನೆಯೂ ಅವಳು ಹೂಂ ಅಂದಿದ್ದಳು.

ಊಹೆಯ ಮೇಲೆ ಒತ್ತಿಬಿಟ್ಟರೆ? ಶಾಲೆಗಿರುವುದು ಒಂದೇ ಗಾಡಿ. ಮೇಜಿನಾಚೆ ಸಿಮೆಂಟಿನ ನೆಲ.

ಗುಂಡಿಯ ಮೇಲಿಟ್ಟ ಹೆಬ್ಬೆರಳು ಬೆವರಿತ್ತು. ಅದನ್ನು ಎತ್ತಿ, ಕಣ್ಣು ಮುಚ್ಚಿ, ತೋರುಬೆರಳನ್ನು ಸಾಲಿನ ಮೇಲೆ ಮೆಲ್ಲನೆ ಎಳೆದಳು. ನೆಟ್ಟಗೆ. ನೆಟ್ಟಗೆ. ಬಾಗಬೇಕಾದಲ್ಲೂ ನೆಟ್ಟಗೆ. ಆ ಬಿಲ್ಲೆಯನ್ನು ಕಿತ್ತು, ಬಾಗಿದ ಗೀರಿನದನ್ನು ತಡಕಿ ಹುಡುಕಿ ಕೂರಿಸಿದಳು.

ಟೀಚರ ಹೆಜ್ಜೆಸಪ್ಪಳ ಅವಳ ಬೆನ್ನ ಹಿಂದೆ ನಿಂತಿತು.

“ಇವತ್ತು ಬಿಲ್ಲೆ ಮೇಲೆ ನಿನ್ನ ಉಗುರಿನ ಸದ್ದು ಕೇಳಿಸ್ತು, ರಿನ್ಷ.”

ಅವಳು ಬೆರಳನ್ನು ಸಾಲಿನಿಂದ ಹಿಂದಕ್ಕೆ ಎಳೆದುಕೊಂಡಳು.

“ಯಾವತ್ತಿಂದ?” ಟೀಚರ ದನಿ ತಗ್ಗಿತ್ತು.

“ಮಂಗಳವಾರದಿಂದ.”

ಅನಘಳ ಮೊಣಕೈ ಸದ್ದಿಲ್ಲದೆ ಹಿಂದೆ ಸರಿಯಿತು.

“ಉಮ್ಮನಿಗೆ ಹೇಳ್ಬೇಡಿ ಟೀಚರ್.”

“ನಾನು ಹೇಳಲ್ಲ. ನೀನೇ ಹೇಳ್ತೀಯ, ಇವತ್ತೇ. ನಾನು ಪಕ್ಕದಲ್ಲಿ ಕೂತಿರ್ತೀನಿ. ಈಗ ಒತ್ತು.”

ಒತ್ತಿದಳು. ಗಾಡಿ ಗರಗರನೆ ಮುಂದೆ ಹೋಯಿತು, ಇನ್ನೂ ಮುಂದೆ ಹೋಯಿತು, ತಿರುಗಿತು, ನಿಂತಿತು. ಎಲ್ಲಿ ನಿಂತಿತೆಂದು ಅವಳಿಗೆ ಕಾಣಲಿಲ್ಲ. ಉಬ್ಬುಗೆರೆಗಳ ಅಳತೆಪಟ್ಟಿಯನ್ನು ತಡಕಿ ತೆಗೆದು, ಅಂಚಿಗೆ ಹಿಡಿದು, ಒಂದೊಂದೇ ಗೆರೆ ಮುಟ್ಟುತ್ತ ಹೋದಳು.

ಚಕ್ರದಿಂದ ಮೇಜಿನ ಅಂಚಿಗೆ ನಾಲ್ಕು ಸೆಂಟಿಮೀಟರ್.