ನೊರೆ

ನೊರೆ ಬರಲಿಲ್ಲ. ರುದ್ರಮ್ಮ ಗಂಡನ ಕಾಲ್ಬೆರಳಿನ ಗಾಯಕ್ಕೆ ಇನ್ನೊಂದು ಮುಚ್ಚಳ ಔಷಧಿ ಹುಯ್ದಳು. ಅದೂ ಸುಮ್ಮನೆ ಇಳಿದು ಬೋಗುಣಿ ಸೇರಿತು.

"ಮೊದ್‌ಮೊದ್ಲು ಬುಸುಬುಸು ಅಂತ ಉಕ್ತಿತ್ತು. ಬರ್ತಾ ಬರ್ತಾ ಕಮ್ಮಿಯಾಗಿ ಈಗ ಪೂರಾ ನಿಂತೋಯ್ತು. ಬೆರಳು ಸತ್ತೋಯ್ತು ಕಣೆ," ಎಂದ ರಾಚಯ್ಯ.

"ಬಿಡ್ತು ಅನ್ನಿ," ಎನ್ನುತ್ತ ಅವಳು ಬೇಗಬೇಗ ಪಟ್ಟಿ ಸುತ್ತಿದಳು. ಸಕ್ಕರೆ ಕಾಯಿಲೆಯ ಕಾಲು. ಮುಂದಿನ ಸಲ ಬರುವಷ್ಟರಲ್ಲಿ ಗಾಯ ಒಣಗದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ದಿನ ಇವತ್ತೇ. ಪಾಪ, ಇಷ್ಟು ದಿನವೂ ಅವಳು ಗಾಯವನ್ನು ನೋಡಿದ್ದೇ ಇಲ್ಲ, ನೊರೆಯನ್ನೇ ನೋಡುತ್ತಿದ್ದಳು.

ಹೆಮ್ಮರಗಾಲದಿಂದ ನಂಜನಗೂಡಿನವರೆಗೂ ಬಸ್ಸಿನಲ್ಲಿ ಅವಳು ಕೂತಲ್ಲಿ ಕೂರಲಿಲ್ಲ. ಗಂಡನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ, ಸೆರಗಿನಲ್ಲಿ ಮುಚ್ಚಿ ತಂದಿದ್ದ ಬಾಟ್ಲಿ ಹಿಡಿದು ಎದುರಿನ ಮೆಡಿಕಲ್ ಸ್ಟೋರಿಗೆ ಓಡಿದಳು.

ಅಂಗಡಿಯ ಸಿಂಧು ಬಾಟ್ಲಿಯನ್ನು ಬೆಳಕಿಗೆ ಹಿಡಿದಳು. "ಇದು ತೀರ್ಥದ ಬಾಟ್ಲಿ ಅಲ್ವೇನಮ್ಮ? ನಾನು ಕೊಟ್ಟಿದ್ದು ಕಂದು ಬಾಟ್ಲಿ."

"ಅದ್ರಲ್ಲಿ ಎಷ್ಟದೆ ಅಂತ ಕಾಣಾಕಿಲ್ಲ ಕಣವ್ವ. ಇದು ನಂಜುಂಡಪ್ಪನ ತೀರ್ಥ ತಂದಿದ್ದ ಬಾಟ್ಲಿ, ಒಳ್ಳೇದಾಗ್ಲಿ ಅಂತ ಇದಕ್ಕೆ ಬಗ್ಗಿಸ್ದೆ. ದಿನಾ ಎಳೆಬಿಸ್ಲು ಬೀಳೋ ಕಿಟಕೀಲಿ ಮಡಗ್ತಿದ್ದೆ, ಇನ್ನೂ ಸಕ್ತಿ ಬರ್ಲಿ ಅಂತ."

ಸಿಂಧು ಹಣೆ ಚಚ್ಚಿಕೊಂಡಳು. "ಹೈಡ್ರೋಜನ್ ಪೆರಾಕ್ಸೈಡ್ ಅಂದ್ರೆ ನೀರಿಗೆ ಇನ್ನೊಂದಿಷ್ಟು ಆಮ್ಲಜನಕ ಅಂಟಿಕೊಂಡಿರೋದು. ರಕ್ತ ತಾಗಿದ್ರೆ ಅದು ಬಿಟ್ಟು ಬರುತ್ತೆ, ಅದೇ ನೊರೆ. ಬಿಸಿಲಿಗೂ ಬಿಟ್ಟು ಹೋಗುತ್ತೆ, ಅದಕ್ಕೇ ಕಂದು ಬಾಟ್ಲಿ. ಬಾಯಿ ಮುಕ್ಕಳಿಸೋಕೆ, ಬಟ್ಟೆ ಮೇಲಿನ ರಕ್ತದ ಕಲೆ ತೆಗೆಯೋಕೆ ಅಂತ ಒಯ್ಯೋರೂ ಹೀಗೇ ಹಾಳು ಮಾಡ್ಕೋತಾರೆ. ಇದು ಈಗ ಬರೀ ನೀರು."

ರುದ್ರಮ್ಮ ಬಾಟ್ಲಿಯನ್ನು ವಾಪಸ್ ತೆಗೆದುಕೊಂಡು ಅಲ್ಲಾಡಿಸಿ ನೋಡಿದಳು. ಇಷ್ಟು ದಿನ ಗಂಡನ ಗಾಯಕ್ಕೆ ನೀರು ಹುಯ್ಯುತ್ತಿದ್ದಳು! ಬೆರಳು ಹೋದರೆ ಅದು ಅವಳ ಕೈಯಾರೆ ಹೋದದ್ದು. ಹೊಸ ಬಾಟ್ಲಿ ಕೊಂಡು ಏದುಸಿರು ಬಿಡುತ್ತ ಬಂದರೆ ಡಾಕ್ಟರು ಆಗಲೇ ಪಟ್ಟಿ ಬಿಚ್ಚಿದ್ದರು.

"ಪರವಾಗಿಲ್ವೇ! ಹೊಸ ಚರ್ಮ ಬರ್ತಾ ಇದೆ. ಬೆರಳು ಉಳೀತು," ಎಂದರು ಡಾಕ್ಟರು. "ಆ ನೊರೆ ಔಷಧಿ ನಿಲ್ಲಿಸಿದ್ರಿ ತಾನೇ? ಮೊದಲ ಸಲ ಕೊಳೆ ತೆಗೆಯೋಕೆ ಅದು ಸರಿ. ದಿನಾ ಹಾಕಿದ್ರೆ ಹೊಸ ಚರ್ಮಾನೂ ಸುಡುತ್ತೆ. ಕಾಯಿಸಿ ಆರಿಸಿದ ನೀರಲ್ಲಿ ತೊಳೆದ್ರೆ ಸಾಕು."

"ಎಲ್ಲಿ ನಿಲ್ಸವ್ಳೆ ಸಾ? ಒಂದಿನಾನೂ ತಪ್ಸಿಲ್ಲ," ಎಂದ ರಾಚಯ್ಯ, ಹೆಮ್ಮೆಯಿಂದ. ರುದ್ರಮ್ಮ ಹೊಸ ಬಾಟ್ಲಿಯನ್ನು ಡಾಕ್ಟರಿಗೆ ಕಾಣದಂತೆ ಸೆರಗಿನೊಳಗೆ ಸರಿಸಿದಳು.

ಹೊರಗೆ ಬಂದವನೇ ರಾಚಯ್ಯ ಗೊಣಗಿದ. "ನೀರಲ್ಲಿ ಎಲ್ಲಾದ್ರೂ ಗಾಯ ವಾಸಿ ಆದದಾ? ಆ ಔಷ್ದೀಲೇ ಆಗಿರಾದು. ಡಾಕ್ಟ್ರು ಏನಾರ ಅನ್ಲಿ, ನೀನು ಬುಡಬ್ಯಾಡ, ದಿನಾ ಆಕು."

"ಆಯ್ತು," ಎಂದಳು. ಈ ಮನುಷ್ಯನಿಗೆ ಬುದ್ಧಿ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ಅವಳಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು.

ಮರುದಿನ ಬೆಳಿಗ್ಗೆ ಕಾಯಿಸಿ ಆರಿಸಿದ ನೀರನ್ನು ತೀರ್ಥದ ಬಾಟ್ಲಿಗೆ ತುಂಬಿ ತಂದು, ಗಾಯದ ಮೇಲೆ ಹುಯ್ದಳು. ರಾಚಯ್ಯ ಬಗ್ಗಿ ನೋಡಿದ.

"ಒಸಾ ಔಷ್ದಿಗೂ ನೊರೆ ಬರ್ಲಿಲ್ವಲ್ಲೇ!"

"ನಂಜು ಇದ್ರೆ ತಾನೇ ನೊರೆ ಬರಾದು?"

ರಾಚಯ್ಯನ ಮುಖ ಅರಳಿತು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ, ಅವನ ಪಂಚೆಗೆ ಹತ್ತಿದ್ದ ರಕ್ತದ ಕಲೆಯಲ್ಲಿ, ಹೊಸ ಔಷಧಿ ಬುಸುಬುಸು ಉಕ್ಕುತ್ತಿತ್ತು.