ವಾಕ್ಯಕ್ಕೊಂದು ಬಾಲ

ನಗರಸಭೆಯ ಕುಂದುಕೊರತೆ ಸಭೆಯಲ್ಲಿ ಯಾರೇ ಮಾತು ಮುಗಿಸಲಿ, ಸಭೆಯ ವರದಿ ಬರೆಯಲೆಂದು ಗೋಡೆಗೆ ಹಾಕಿದ್ದ ಮಾತಾಡುವ ಪೆಟ್ಟಿಗೆ ಅದಕ್ಕೊಂದು ಬಾಲ ಅಂಟಿಸಿಯೇ ದಾಖಲಿಸುತ್ತಿತ್ತು. ಜನಕ್ಕೆ ಅದು ರೂಢಿಯಾಗಿಹೋಗಿತ್ತು.

ತನ್ನ ಬೀದಿಯ ಹೆಂಗಸರನ್ನೆಲ್ಲ ಕರೆತಂದಿದ್ದ ಹೂ ಮಾರುವ ಕೆಂಪಲಿಂಗಮ್ಮ ಎದ್ದು ನಿಂತಳು. "ನಲ್ಲೀಲಿ ಚರಂಡಿ ನೀರು ಬತ್ತಾ ಐತೆ."

"ಎಂದು ಆರೋಪಿಸಿದರು," ಪೆಟ್ಟಿಗೆ ಸೇರಿಸಿತು.

"ಆರೋಪ ಅಲ್ಲ ಕಣಪ್ಪ! ನನ್ ಮೊಮ್ಮಗಳು ವಾಂತಿಭೇದಿ ಆಗಿ ಆಸ್ಪತ್ರೇಲಿ ಮಲಗವ್ಳೆ."

"ಎಂದು ಅಳಲು ತೋಡಿಕೊಂಡರು."

ಅವಳು ಅತ್ತಿರಲೇ ಇಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಎಂಜಿನಿಯರ್ ಬಾಟಲಿಯ ನೀರನ್ನು ಗುಟುಕರಿಸಿ ಹೇಳಿದರು: "ನಿಮ್ಮ ಬೀದಿಯ ನೀರು ಶುದ್ಧವಾಗಿದೆ."

"ಎಂದು ಸ್ಪಷ್ಟಪಡಿಸಿದರು."

ಕೆಂಪಲಿಂಗಮ್ಮನಿಗೆ ರೇಗಿಹೋಯಿತು. "ಇನ್ನೊಂದ್ಸಲ ಹೇಳಿ ಸ್ವಾಮಿ, ಸರಿಯಾಗಿ ಕೇಳಿಸ್ಲಿಲ್ಲ."

"ನೀರು ಶುದ್ಧವಾಗಿದೆ."

ಪೆಟ್ಟಿಗೆ ಬಾಯಿ ತೆರೆಯುವ ಮೊದಲೇ ಅವಳು ಗಂಟಲು ಹರಿಯುವಂತೆ ಕೂಗಿದಳು: "ಅಂತೆ!"

ಆಗಲೇ ಬಾಲ ಬಂದ ವಾಕ್ಯವನ್ನು ಪೆಟ್ಟಿಗೆ ಮುಟ್ಟುವುದಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ದಾಖಲಿಸಿ ತೆಪ್ಪಗಾಯಿತು.

ಎಂಜಿನಿಯರ್ ಮೇಜು ಗುದ್ದಿದರು. "ರೀ, ಲ್ಯಾಬ್ ರಿಪೋರ್ಟೇ ಬಂದಿದೆ!"

"ಅಂತೆ!"

ಈ ಸಲ ಕೂಗಿದ್ದು ಇಡೀ ಬೀದಿ.