ಅಂಜಿನಯ್ಯನ ಹೈಡ್ರೋಜನ್

ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ಹೈಡ್ರೋಜನ್ ಕಾರೊಂದು ಪಂಕ್ಚರ್ ಆಗಿ ಸರಿಯಾಗಿ ಅಂಜಿನಯ್ಯನ ಗ್ಯಾರೇಜಿನ ಮುಂದೆಯೇ ಬಂದು ನಿಂತಿತು. ಹರಕೆ ಹೊತ್ತ ದೇವರೇ ಮನೆಬಾಗಿಲಿಗೆ ನಡೆದು ಬಂದಂತೆ ಅವನ ಮುಖ ಅರಳಿದ್ದನ್ನು ಒಳಗೆ ಕುಳಿತಿದ್ದ ಮಗಳು ಪಲ್ಲವಿ ನೋಡಿದಳು. ವಡ್ಡು ಊರಿನ ಕಡೆಯ ಕಾರ್ಖಾನೆಯೊಂದು ಪರೀಕ್ಷೆಗೆಂದು ತರಿಸಿದ್ದ ಕಾರು ಅದು. ಓಡಿಸುತ್ತಿದ್ದವನು ಕಿರಣ್ ಕುಮಾರ್ ಎಂಬ ಎಂಜಿನಿಯರ್.

"ಪಂಕ್ಚರ್ ಹಾಕ್ರಿ ಮೇಸ್ತ್ರಿ, ಜಲ್ದಿ ಹೋಗಬೇಕು."

"ಹಾಕೋಣಂತ. ಮೊದಲು ಮೆಲ್ಲಕ ಆ ಗುಂಡಿ ಮ್ಯಾಲೆ ತಂದು ನಿಲ್ಲಸ್ರಿ."

"ಪಂಕ್ಚರಿಗೆ ಗುಂಡಿ ಯಾಕ್ರಿ?"

ಯಾಕೆಂದು ಪಲ್ಲವಿಗೆ ಗೊತ್ತಿತ್ತು. ಗಾಡಿಯನ್ನು ಮೇಲೆ ನಿಲ್ಲಿಸಿ ಅಡಿಯಿಂದ ರಿಪೇರಿ ಮಾಡಲೆಂದು ಅಪ್ಪ ತೋಡಿಸಿದ್ದ ಗುಂಡಿ ಅದು. ಮೂವತ್ತು ವರ್ಷಗಳಲ್ಲಿ ಅವನು ಮನೆಯಲ್ಲಿ ಇದ್ದುದಕ್ಕಿಂತ ಅದರೊಳಗೆ ಇದ್ದುದೇ ಹೆಚ್ಚು. ಈಗ ಅದನ್ನು ಮುಚ್ಚಿ, ಆ ಜಾಗದಲ್ಲಿ ಬ್ಯಾಟರಿ ಗಾಡಿಗಳಿಗೆ ಚಾರ್ಜಿಂಗ್ ಪಾಯಿಂಟ್ ಹಾಕಬೇಕೆಂದು ಡಿಪ್ಲೊಮಾ ಓದಿದ ಪಲ್ಲವಿಯ ಹಟ. ಒಂದು ಫೋನ್ ಮಾಡಿದರೆ ಮಣ್ಣಿನ ಟ್ರ್ಯಾಕ್ಟರು ಸಂಜೆಗೆ ಬರುವುದಿತ್ತು. ಆದರೆ ಅಪ್ಪ ಇನ್ನೂ ಹೂಂ ಅಂದಿರಲಿಲ್ಲ. ಹೈಡ್ರೋಜನ್ ಬಂದರೆ ಅದನ್ನು ಇಂಜಿನ್ನಿನಲ್ಲೇ ಸುಡುತ್ತಾರೆ, ಪಿಸ್ಟನ್ನು, ಸೈಲೆನ್ಸರು ಎಲ್ಲ ಹಾಗೇ ಇರುತ್ತವೆ ಎಂದು ಅದಿರು ಲಾರಿಯ ಡ್ರೈವರನೊಬ್ಬ ಹೇಳಿದ್ದೇ ತಡ, ಅಪ್ಪ ಹೈಡ್ರೋಜನ್ ಪಕ್ಷ ಸೇರಿಬಿಟ್ಟಿದ್ದ.

"ಐದು ನಿಮಿಷದಾಗ ಟ್ಯಾಂಕ್ ತುಂಬ್ತೈತವ್ವಾ. ನಿನ್ನ ಬ್ಯಾಟರಿ ಗಾಡಿ ಚಾರ್ಜಿಗೆ ಹಾಕಿದ್ರ ಉಂಡು ಮಲಗಿ ಏಳಬಹುದು," ಎಂದು ದಿನಾ ಕೆಣಕುತ್ತಿದ್ದ.

"ತುಂಬಾಕ ಪಂಪು ಎಲ್ಲೈತಿ ಹೊಸಪೇಟ್ಯಾಗ? ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ ಹೊಲಿಸಿದಂಗಾತು ನಿನ್ನ ಕಥಿ," ಎಂದು ಅವಳೂ ಬಿಡುತ್ತಿರಲಿಲ್ಲ.

ಮಾತಿಗೆ ಮಾತು ಕೊಟ್ಟರೂ ಅಪ್ಪನ ಹೆದರಿಕೆ ಅವಳಿಗೆ ತಿಳಿಯದ್ದಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುವವನು ಅವನು. ಕಂಪ್ಲಿ, ಎಮ್ಮಿಗನೂರಿನಿಂದಲೂ ಜನ ಗಾಡಿ ತರುತ್ತಿದ್ದುದು ಆ ಕಿವಿಯನ್ನು ನಂಬಿ. ಸದ್ದೇ ಮಾಡದ ಗಾಡಿಗಳು ಬಂದರೆ ತಾನು ಇದ್ದೂ ಇಲ್ಲದಂತೆ ಎಂದು ಅವನಿಗೆ ಅನಿಸಿಬಿಟ್ಟಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೆ.

ಕಾರು ಗುಂಡಿಯ ಮೇಲೆ ಬಂತು. ಅಂಜಿನಯ್ಯ ಹೆಣ್ಣು ನೋಡಲು ಹೊರಟವನ ಹಾಗೆ ಕೂದಲು ಸವರಿಕೊಂಡು ಕೆಳಗಿಳಿದ. ಪಲ್ಲವಿ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಟಾರ್ಚ್ ಬಿಟ್ಟಳು. ಬೆಳಕು ಮುಂದಿನಿಂದ ಹಿಂದಕ್ಕೆ ಎರಡು ಸಲ ಹೋಗಿ ಬಂತು. ಸೈಲೆನ್ಸರ್ ಇಲ್ಲ, ಎಣ್ಣೆಯ ಜಿಡ್ಡಿಲ್ಲ. ನುಣ್ಣನೆಯ ಮುಚ್ಚಳಗಳು, ಹಿಂದೊಂದು ಸಣ್ಣ ಕೊಳವೆ, ಅದರಿಂದ ತೊಟ್ಟಿಕ್ಕುವ ನೀರು.

"ಸರ, ಇಂಜಿನ್ ಎಲ್ಲೈತ್ರಿ ಇದರಾಗ?"

"ಇಂಜಿನ್ ಇಲ್ರಿ ಮೇಸ್ತ್ರಿ. ಹೈಡ್ರೋಜನ್‌ನಿಂದ ಗಾಡ್ಯಾಗೇ ಕರೆಂಟ್ ತಯಾರಾಗ್ತೈತಿ. ಓಡೋದು ಮೋಟರ್ ಮ್ಯಾಲೆ. ಸಣ್ಣದೊಂದು ಬ್ಯಾಟರೀನೂ ಐತಿ."

"ಇದಕ್ಕೂ ಬ್ಯಾಟರಿ?"

"ಹೂನ್ರಿ. ಇಂಜಿನ್ನಾಗ ಸುಡೋ ಗಾಡಿ ಮ್ಯಾಲೂ ಕೆಲಸ ನಡದೈತಿ ಬಿಡ್ರಿ. ಯಾವಾಗ ಬರ್ತಾವೋ ಹೇಳಾಕ ಆಗಲ್ಲ."

ಎರಡು ವರ್ಷದ ವಾದದಲ್ಲಿ ಪಲ್ಲವಿ ಗೆದ್ದಿದ್ದಳು. ಆದರೆ ಅಪ್ಪ ಅಂಗೈ ಒಡ್ಡಿ ಆ ನೀರು ಹಿಡಿದು, ಮೂಸಿ ನೋಡಿ, ಯಾವ ವಾಸನೆಯೂ ಸಿಗದೆ ಅಂಗಿಗೆ ಒರೆಸಿಕೊಂಡಾಗ ಅವಳು ಟಾರ್ಚ್ ಆರಿಸಿಬಿಟ್ಟಳು. ಈ ಹಾಳು ಕಾರಿಗೆ ಒಂದು ಇಂಜಿನ್ ಇದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು ಎನಿಸಿತು.

ಪಂಕ್ಚರ್ ಹಾಕಿಸಿಕೊಂಡು ಕಿರಣ್ ಹೊರಟುಹೋದ. ಅಂಜಿನಯ್ಯ ಮತ್ತೆ ಗುಂಡಿಗಿಳಿದು ಅಲ್ಲಿದ್ದ ಸ್ಪ್ಯಾನರು, ಗ್ರೀಸ್ ಡಬ್ಬಿಗಳನ್ನು ಒಂದೊಂದಾಗಿ ಮೇಲಿಟ್ಟ.

"ಟ್ರ್ಯಾಕ್ಟರಿನಾಂವಗ ಬರಾಕ ಹೇಳು. ಮುಚ್ಚಿಬಿಡಲಿ."

"ಇನ್ನೊಂದೆರಡು ತಿಂಗಳು ನೋಡೋಣ ಬಿಡಪ್ಪಾ. ಸುಡೋ ಇಂಜಿನ್ನೂ ಬರಬಹುದು ಅಂದ್ರಲ್ಲ ಅವ್ರು," ಎಂದಳು ಪಲ್ಲವಿ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳಿಗೇ ಅಚ್ಚರಿ.

"ಬ್ಯಾಡವ್ವಾ. ಬರೋರ ದಾರಿ ಕಾಯ್ಕೊಂತ ಬಂದೋರಿಗೆ ಬಾಗಿಲು ಹಾಕಬಾರದು. ನೀ ಪಾಯಿಂಟ್ ಹಾಕಿಸು. ನಾ ಒಂದು ಕುರ್ಚಿ ಹಾಕ್ಕೊಂಡು ಕುಂದರ್ತೀನಿ, ಇನ್ನೇನು ಕೆಲಸ ನನಗ."

ಅವಳು ಫೋನ್ ಕೈಗೆತ್ತಿಕೊಂಡಳು, ಹಚ್ಚಲು ಮನಸ್ಸು ಬರಲಿಲ್ಲ. ಅಂಜಿನಯ್ಯ ರಸ್ತೆಗೆ ಬೆನ್ನು ಮಾಡಿ ಬಕೆಟ್ಟಿನ ನೀರಲ್ಲಿ ಕೈ ತೊಳೆಯುತ್ತಿದ್ದ. ಶಾಲೆ ಬಿಟ್ಟ ಮಕ್ಕಳನ್ನು ತುಂಬಿಕೊಂಡ ಬ್ಯಾಟರಿ ಆಟೊ ಒಂದು, ಎದುರು ಬಂದ ಎಮ್ಮೆಗೆಂದು ತುಸು ನಿಧಾನಿಸಿ, ಸದ್ದಿಲ್ಲದೆ ಮುಂದೆ ಸಾಗಿತು. ಅವನು ಕೈ ತಿಕ್ಕುವುದನ್ನು ನಿಲ್ಲಿಸಿದ.

"ಆ ಆಟೊದಾಂವನ್ನ ಕರಿ, ಓಡು. ಹಿಂದಿನ ಬ್ರೇಕ್ ಪೂರ್ತಿ ಸವದೈತಿ. ಕಬ್ಬಿಣಕ್ಕ ಕಬ್ಬಿಣ ತಿಕ್ಕಾಕತ್ತೈತಿ."

ಪಲ್ಲವಿಗೆ ಏನೂ ಕೇಳಿಸಿರಲಿಲ್ಲ. ಆದರೂ ಓಡಿದಳು, ಕೂಗಿ ನಿಲ್ಲಿಸಿದಳು. ಎರಡು ದಿನದಿಂದ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲವೆಂದು ಆಟೊದವನೇ ಒಪ್ಪಿಕೊಂಡು ಗಾಡಿ ತಿರುಗಿಸಿದ. ಅವಳು ಏದುಸಿರು ಬಿಡುತ್ತ ಅಪ್ಪನ ಮುಂದೆ ಬಂದು ನಿಂತಳು.

"ಬೆನ್ನು ಮಾಡಿ ನಿಂತಿದ್ದಿಯಲ್ಲಪ್ಪಾ. ಹೆಂಗ ಕೇಳಿಸ್ತು ನಿನಗ?"

ಅಂಜಿನಯ್ಯ ಒದ್ದೆ ಕೈ ಕೊಡವಿ ಆಟೊದ ಕಡೆ ನೋಡಿದ.

"ಇಂಜಿನ್ ಗದ್ದಲ ಇದ್ದಿದ್ರ ನನಗೂ ಕೇಳ್ತಿದ್ದಿಲ್ಲ."